ಆರೋಪಿಸು: ಒಬ್ಬರ ತಲೆಯ ಮೇಲೆ ಏರಿಸಿದ ಮಾತು

ಉಡುಪಿಯ ನಮ್ಮ ಬಡಾವಣೆಯ ಸಾರ್ವಜನಿಕ ಗಣೇಶೋತ್ಸವ ಸಮಿತಿಗೆ ನಾನು ಮೂರು ವರ್ಷ ಕಾರ್ಯದರ್ಶಿಯಾಗಿದ್ದೆ. ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸವಾಗಿತ್ತು. ಒಂದು ವರ್ಷ ಹಬ್ಬ ಮುಗಿದ ಮೇಲೆ ಲೆಕ್ಕಪತ್ರದ ಸಭೆಯಲ್ಲಿ ಸದಸ್ಯರೊಬ್ಬರು ಎದ್ದು ನಿಂತು, “ಎರಡು ರಶೀದಿ ಪುಸ್ತಕ ಇನ್ನೂ ವಾಪಸು ಬಂದಿಲ್ಲವಲ್ಲ, ಅವುಗಳ ಹಣ ಎಲ್ಲಿದೆ?” ಎಂದು ಕೇಳಿದರು. “ಪುಸ್ತಕ ಯಾರ ಕೈಯಲ್ಲಿದೆ ಎಂದು ವಿಚಾರಿಸುತ್ತಿದ್ದೇನೆ” ಎಂದು ಕೋಶಾಧಿಕಾರಿ ಉತ್ತರಿಸಿದರು. ನಡೆದದ್ದು ಇಷ್ಟೇ. ರಾತ್ರಿ ಮನೆಯಲ್ಲಿ ಕುಳಿತು ನಾನು ನಡಾವಳಿಯಲ್ಲಿ ಬರೆದದ್ದು ಹೀಗಿತ್ತು: “ಎರಡು ರಶೀದಿ ಪುಸ್ತಕಗಳ ಹಣ ದುರುಪಯೋಗವಾಗಿರುವ ಬಗ್ಗೆ ಚರ್ಚಿಸಲಾಯಿತು.”

ಬರೆಯುವಾಗ ಆ ಸಾಲು ಅಚ್ಚುಕಟ್ಟಾಗಿದೆ ಎನಿಸಿತ್ತು. ಮರುದಿನ ಯಾರೋ ಆ ಪುಟದ ಫೋಟೊ ತೆಗೆದು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಸಾಲಿನಲ್ಲಿ ಕೋಶಾಧಿಕಾರಿಯ ಹೆಸರೇ ಇರಲಿಲ್ಲ. ಹೆಸರು ಹಾಕುವ ಅಗತ್ಯವೂ ಯಾರಿಗೂ ಕಾಣಲಿಲ್ಲ. ಬೆಳಿಗ್ಗೆ ಹಾಲಿನ ಸೊಸೈಟಿಗೆ ತಾವೇ ಹೋಗಿ ಬರುತ್ತಿದ್ದ ಆ ಹಿರಿಯರು ಅಂದಿನಿಂದ ಮೊಮ್ಮಗನನ್ನು ಕಳುಹಿಸತೊಡಗಿದರು.

ನನ್ನ ಸಾಲಿನಲ್ಲಿ ಆದ ತಪ್ಪೇನು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ಕ್ರಿಯಾಪದ, ಅಥವಾ ಅದರ ಗೈರುಹಾಜರಿ. ಸಭೆಯಲ್ಲಿ ಕೇಳಿದ್ದು ಪ್ರಶ್ನೆ. ಅದನ್ನು ಎಷ್ಟೇ ಖಾರವಾಗಿ ಅರ್ಥಮಾಡಿಕೊಂಡರೂ ಒಂದು ಆರೋಪವಾಗಬಹುದಿತ್ತು. ನಾನು ಎರಡು ಮೆಟ್ಟಿಲು ಹಾರಿ ಅದನ್ನು ನಡೆದುಹೋದ ಘಟನೆಯಾಗಿ ಮಾಡಿದ್ದೆ. ‘ಆರೋಪಿಸು’ ಎಂಬ ಮಾತನ್ನು ದಿನಕ್ಕೆ ಹತ್ತು ಬಾರಿ ಓದುತ್ತೇವೆ. ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ, ವಾಕ್ಯದಲ್ಲಿ ಅದನ್ನು ಎಲ್ಲಿ ಇಡಬೇಕು ಎಂಬುದನ್ನು ಅಂದಿನಿಂದ ಗಮನವಿಟ್ಟು ನೋಡುತ್ತಾ ಬಂದಿದ್ದೇನೆ.

ಒಬ್ಬ ವ್ಯಕ್ತಿ ಅಥವಾ ಸಂಸ್ಥೆ ತಪ್ಪು ಮಾಡಿದೆ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ, ಆ ಮಾತು ಇನ್ನೂ ರುಜುವಾತಾಗಿಲ್ಲ. ‘ಆರೋಪಿಸಿದರು’ ಎಂದಾಗ ಕನ್ನಡದ ಓದುಗನಿಗೆ ತಲುಪಬೇಕಾದ ಅರ್ಥ ಇದು. ಇದರಲ್ಲಿ ಮೂರು ಎಳೆಗಳಿವೆ. ಹೇಳುವವರು ಒಬ್ಬರು ಇರಲೇಬೇಕು. ಹೇಳಿದ ವಿಷಯ ತಪ್ಪಿನದೇ ಆಗಿರಬೇಕು. “ಅವರ ಮಗಳು ರ‍್ಯಾಂಕ್ ಪಡೆದಳು ಎಂದು ನೆರೆಯವರು ಆರೋಪಿಸಿದರು” ಎಂದು ಯಾರೂ ಬರೆಯುವುದಿಲ್ಲ, ಬರೆದರೆ ರ‍್ಯಾಂಕಿನಲ್ಲೇ ಏನೋ ಮೋಸವಿದೆ ಎಂಬ ವಾಸನೆ ಬರುತ್ತದೆ. ಮೂರನೆಯದಾಗಿ, ಸತ್ಯಾಸತ್ಯದ ಬಗ್ಗೆ ಬರೆಯುವವನು ಬಾಯಿ ಬಿಡುತ್ತಿಲ್ಲ.

ಈ ಮೂರನೆಯ ಎಳೆಯನ್ನೇ ಹೆಚ್ಚಿನವರು ತಪ್ಪಾಗಿ ತಿಳಿಯುತ್ತಾರೆ, ಅದೂ ಎರಡು ಕಡೆಯಿಂದ. “ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ” ಎನ್ನುವವರಿಗೆ ಆರೋಪ ಎಂದರೆ ಅರ್ಧ ಸಾಬೀತಾದ ಅಪರಾಧ. “ಅದು ಬರೀ ಆರೋಪ” ಎನ್ನುವವರಿಗೆ ಆರೋಪ ಎಂದರೆ ಸುಳ್ಳಿನ ಇನ್ನೊಂದು ಹೆಸರು. ಎರಡೂ ಸರಿಯಲ್ಲ. ‘ಸುಳ್ಳು ಆರೋಪ’ ಎಂಬ ನುಡಿಗಟ್ಟು ನಮ್ಮಲ್ಲಿ ಇದೆಯಲ್ಲವೇ? ಆರೋಪ ತಾನಾಗಿಯೇ ಸುಳ್ಳಾಗಿದ್ದರೆ ಅದಕ್ಕೆ ‘ಸುಳ್ಳು’ ಎಂಬ ವಿಶೇಷಣ ಬೇಕಿರಲಿಲ್ಲ. ‘ಆರೋಪ ಸಾಬೀತಾಯಿತು’ ಎನ್ನುವುದೂ ಇದೆ. ತಾನಾಗಿಯೇ ಸತ್ಯವಾಗಿದ್ದರೆ ಸಾಬೀತು ಮಾಡುವ ಗೊಡವೆಯೇ ಇರುತ್ತಿರಲಿಲ್ಲ. ಮಗಳ ಮೇಲೆ ದೌರ್ಜನ್ಯ ನಡೆದಿದೆ ಎಂದು ಠಾಣೆಗೆ ಬಂದ ತಾಯಿಯೂ ಆರೋಪಿಸುತ್ತಾಳೆ, ಹಳೆಯ ಜಾಗದ ತಗಾದೆಗೆ ಸೇಡು ತೀರಿಸಲು ಬಂದವನೂ ಆರೋಪಿಸುತ್ತಾನೆ. ಕ್ರಿಯಾಪದ ಇಬ್ಬರಿಗೂ ಒಂದೇ. ಇಬ್ಬರಲ್ಲಿ ಯಾರನ್ನೂ ಅದು ಮೊದಲೇ ನಂಬುವುದಿಲ್ಲ, ಯಾರನ್ನೂ ತಳ್ಳಿಹಾಕುವುದಿಲ್ಲ.

ಏರಿಸುವುದು, ಹೊರಿಸುವುದು

ಪದದ ಒಳಗೆ ಇಳಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಸಂಸ್ಕೃತದ ‘ರುಹ್’ ಧಾತುವಿಗೆ ಏರು, ಬೆಳೆ ಎಂಬ ಅರ್ಥಗಳಿವೆ. ಅದಕ್ಕೆ ‘ಆ’ ಸೇರಿ ‘ಆರೋಹ’. ಅದನ್ನೇ ಪ್ರೇರಣಾರ್ಥಕ ಮಾಡಿದರೆ ‘ಆರೋಪ’. ತಾನು ಏರುವುದು ಆರೋಹಣ, ಇನ್ನೊಂದನ್ನು ಏರಿಸುವುದು ಆರೋಪಣ. ಬಿಲ್ಲಿಗೆ ಹೆದೆ ಏರಿಸುವುದು ಜ್ಯಾರೋಪಣ, ಗಿಡ ನೆಡುವುದು ವೃಕ್ಷಾರೋಪಣ. ಕರಾವಳಿಯ ದೇವಸ್ಥಾನಗಳಲ್ಲಿ ಜಾತ್ರೆ ಶುರುವಾಗುವ ದಿನ ಕೊಡಿಮರಕ್ಕೆ ಕೊಡಿ, ಅಂದರೆ ಧ್ವಜ, ಏರುತ್ತದೆ. ಮಂಗಳೂರಿನ ಬಾವುಟಗುಡ್ಡೆಗೆ ಆ ಹೆಸರು ಬಂದದ್ದು 1837ರ ರೈತ ಹೋರಾಟಗಾರರು ಅಲ್ಲಿ ಬಾವುಟ ಏರಿಸಿದ್ದರಿಂದ. ಬಾವುಟ ಗುಡ್ಡದಲ್ಲಿ ಹುಟ್ಟಿದ್ದಲ್ಲ, ಯಾರೋ ಕೈಯಾರೆ ಏರಿಸಿದ್ದು. ಆರೋಪವೂ ಹಾಗೆಯೇ. ಅದು ಆ ಮನುಷ್ಯನಲ್ಲಿ ಇದೆಯೋ ಇಲ್ಲವೋ ಆಮೇಲಿನ ಮಾತು. ಸದ್ಯಕ್ಕೆ ಯಾರೋ ಒಬ್ಬರು ಅವನ ಮೇಲೆ ಅದನ್ನು ಏರಿಸಿದ್ದಾರೆ.

ಅಲಂಕಾರಶಾಸ್ತ್ರದಲ್ಲೂ ಇದೇ ಪದ ಇದೇ ಚಿತ್ರದೊಂದಿಗೆ ಬರುತ್ತದೆ. ಮುಖವೇ ಕಮಲ ಎಂದಾಗ ಮುಖದ ಮೇಲೆ ಕಮಲವನ್ನು ಆರೋಪಿಸಲಾಗಿದೆ, ಅದು ರೂಪಕ. ವೇದಾಂತದಲ್ಲಿ ‘ಅಧ್ಯಾರೋಪ’ ಎಂದರೆ ಇಲ್ಲದ್ದನ್ನು ಇದ್ದದ್ದರ ಮೇಲೆ ಏರಿಸುವುದು: ಮಬ್ಬುಗತ್ತಲಲ್ಲಿ ಬಿದ್ದಿರುವ ಹಗ್ಗದ ಮೇಲೆ ಹಾವನ್ನು ಕಾಣುವುದು. ದೀಪ ತಂದು ನೋಡಿ, ಇದು ಹಾವಲ್ಲ ಎಂದು ನಿರಾಕರಿಸುವುದಕ್ಕೆ ಅದ್ವೈತಿಗಳು ಕೊಟ್ಟ ಹೆಸರು ‘ಅಪವಾದ’. ಉಡುಪಿಯಾದರೋ ಆ ವಾದವನ್ನು ಎದುರಿಸಿ, ಜಗತ್ತು ಹೀಗೆ ಏರಿಸಿದ್ದಲ್ಲ, ನಿಜವಾಗಿಯೇ ಇದೆ ಎಂದು ಪಟ್ಟು ಹಿಡಿದ ಮಧ್ವಾಚಾರ್ಯರ ಊರು. ಆ ತರ್ಕದ ಆಳಕ್ಕೆ ಇಲ್ಲಿ ಹೋಗಲಾರೆ. ನನಗೆ ಬೇಕಾದದ್ದು ಎರಡು ಪದಗಳು ಆಮೇಲೆ ಹಿಡಿದ ದಾರಿ. ಶಾಸ್ತ್ರದಲ್ಲಿ ಆರೋಪವನ್ನು ಕಳಚುತ್ತಿದ್ದ ‘ಅಪವಾದ’ ಇಂದಿನ ಕನ್ನಡದಲ್ಲಿ ಆರೋಪದ್ದೇ ಜೊತೆಗಾರನಾಗಿದೆ. “ಅವರ ಮೇಲೆ ಅಪವಾದ ಬಂತು” ಎಂದರೆ ಕಳಂಕ ಬಂತು ಎಂದೇ ಅರ್ಥ. ಕಳಚುವ ಪದವೂ ಹೊರಿಸುವ ಪದವಾಗಿ ಬದಲಾದದ್ದನ್ನು ನೆನೆದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಸಂಸ್ಕೃತದ ನಂಟಿಲ್ಲದ ನಮ್ಮ ನುಡಿಗಳಲ್ಲೂ ಇದೇ ಚಿತ್ರ. ಆರೋಪವನ್ನು ‘ಹೊರಿಸುತ್ತೇವೆ’, ‘ಹೇರುತ್ತೇವೆ’, ‘ತಲೆಗೆ ಕಟ್ಟುತ್ತೇವೆ’; ತಲೆಯ ಮೇಲೆ ‘ಗೂಬೆ ಕೂರಿಸುತ್ತೇವೆ’. ಗುರಿಯಾದವರು ಅದನ್ನು ‘ಹೊತ್ತು’ ತಿರುಗುತ್ತಾರೆ. ಹೊರೆ ಹೊತ್ತವನ ಕತ್ತಿಗೆ ಅದರ ಭಾರ ಗೊತ್ತು. ಹೊರಿಸಿದವನ ಕೈ ಖಾಲಿಯಾಗಿರುತ್ತದೆ.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ಹೊರಿಸಿದವನು, ಹೊತ್ತವನು ಇಬ್ಬರಲ್ಲಿ ‘ಆರೋಪಿ’ ಯಾರು? ತ್ಯಾಗ ಮಾಡುವವನು ತ್ಯಾಗಿ, ದ್ವೇಷಿಸುವವನು ದ್ವೇಷಿ. ಆ ಲೆಕ್ಕದಲ್ಲಿ ಆರೋಪಿಸುವವನೇ ಆರೋಪಿಯಾಗಬೇಕಿತ್ತು. ಆದರೆ ರೋಗ ಇರುವವನು ರೋಗಿಯಾದಂತೆ, ಆರೋಪ ಇರುವವನು ಆರೋಪಿ ಎಂದು ಬಳಕೆ ನೆಲೆ ನಿಂತಿದೆ. ‘ಆರೋಪಿತ’ ಮತ್ತು ‘ಆಪಾದಿತ’ ಎಂಬ ರೂಪಗಳಲ್ಲಿ ಗೊಂದಲವಿಲ್ಲ, ಆರೋಪಕ್ಕೆ ಒಳಗಾದವನು ಎಂಬುದು ಅವುಗಳಲ್ಲೇ ಕಾಣುತ್ತದೆ. ‘ಆರೋಪಿ’ಯನ್ನು ಈಗ ಬದಲಿಸಲು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಆದರೆ ಆ ಪದ ಕಿವಿಗೆ ಬಿದ್ದಾಗ ‘ಅಪರಾಧಿ’ ಎಂದು ಕೇಳಿಸಿಕೊಳ್ಳುವ ನಮ್ಮ ಅಭ್ಯಾಸ ಬದಲಾಗಬೇಕು.

ಶ್ರೀಕೃಷ್ಣನ ಮೇಲೆ ಬಂದ ಮಾತು

ಆರೋಪ ಹೇಗೆ ಹುಟ್ಟಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಉಡುಪಿಯವರು ದೂರ ಹೋಗಬೇಕಾಗಿಲ್ಲ. ಚೌತಿಯ ರಾತ್ರಿ ಚಂದ್ರನನ್ನು ನೋಡಬಾರದು, ನೋಡಿದರೆ ಇಲ್ಲದ ಅಪವಾದ ಬರುತ್ತದೆ ಎಂದು ಹಿರಿಯರು ಮಕ್ಕಳ ಕಣ್ಣು ಮುಚ್ಚುತ್ತಾರೆ. ಕಣ್ಣಿಗೆ ಬಿದ್ದರೆ ಶ್ಯಮಂತಕ ಮಣಿಯ ಕಥೆ ಕೇಳಬೇಕು. ಆ ಕಥೆ ತಾಳಮದ್ದಲೆಯ ರಾತ್ರಿಗಳಲ್ಲಿ ನಮಗೆಲ್ಲ ಬಾಯಿಪಾಠವಾಗಿದೆ. ಸತ್ರಾಜಿತನಿಗೆ ಸೂರ್ಯ ಕೊಟ್ಟ ಮಣಿ. ಅದನ್ನು ಉಗ್ರಸೇನನಿಗೆ ಕೊಡು ಎಂದು ಕೃಷ್ಣ ಕೇಳಿದ್ದ, ಸತ್ರಾಜಿತ ಒಪ್ಪಿರಲಿಲ್ಲ. ಅವನ ತಮ್ಮ ಪ್ರಸೇನ ಮಣಿಯನ್ನು ಕೊರಳಿಗೆ ಹಾಕಿಕೊಂಡು ಬೇಟೆಗೆ ಹೋದವನು ಮರಳಲಿಲ್ಲ.

ಭಾಗವತದ ದಶಮ ಸ್ಕಂಧದಲ್ಲಿ ಆಗ ಸತ್ರಾಜಿತ ಆಡುವ ಮಾತಿನ ಮೊದಲ ಪದ ‘ಪ್ರಾಯಃ’. ಬಹುಶಃ ನನ್ನ ತಮ್ಮನನ್ನು ಕೃಷ್ಣನೇ ಕೊಂದಿರಬೇಕು ಎನ್ನುತ್ತಾನೆ ಅವನು. ಅದನ್ನು ಕೇಳಿದ ಜನ ‘ಕರ್ಣೇ ಕರ್ಣೇ’, ಕಿವಿಯಿಂದ ಕಿವಿಗೆ, ಜಪಿಸಿದರಂತೆ. ಸತ್ರಾಜಿತನ ಬಾಯಲ್ಲಿ ‘ಬಹುಶಃ’ ಇತ್ತು. ಹತ್ತನೆಯ ಕಿವಿಗೆ ಹೋಗುವಾಗ ಆ ‘ಬಹುಶಃ’ ಉಳಿದಿತ್ತೇ? ಉಳಿಯುವುದು ಕಷ್ಟ. ಮಾತಿನಲ್ಲಿ ಮೊದಲು ಸವೆಯುವುದು ಅನುಮಾನ ಸೂಚಿಸುವ ಭಾಗವೇ.

ಕೃಷ್ಣ ಮಾಡಿದ್ದನ್ನೂ ಗಮನಿಸಬೇಕು. ಅವನು ಸತ್ರಾಜಿತನನ್ನು ಬೈಯುವುದಿಲ್ಲ. ಪಟ್ಟಣದ ಜನರನ್ನೇ ಜೊತೆಗೆ ಕರೆದುಕೊಂಡು ಕಾಡಿಗೆ ಹೋಗುತ್ತಾನೆ. ಪ್ರಸೇನನ ಶವ, ಅವನನ್ನು ಕೊಂದ ಸಿಂಹ, ಆ ಸಿಂಹವನ್ನು ಕೊಂದ ಕರಡಿಯ ಜಾಡು ಎಲ್ಲವನ್ನೂ ಜನರೇ ನೋಡುತ್ತಾರೆ. ಗುಹೆಯೊಳಗೆ ಜಾಂಬವಂತನೊಂದಿಗೆ ಇಪ್ಪತ್ತೆಂಟು ದಿನ ಕಾದಾಡಿ ಮಣಿಯನ್ನು ತಂದ ಮೇಲೂ ಅದನ್ನು ಮನೆಗೆ ಒಯ್ಯುವುದಿಲ್ಲ. ಸತ್ರಾಜಿತನನ್ನು ರಾಜಸಭೆಗೆ ಕರೆಸಿ, ಎಲ್ಲರೆದುರು ನಡೆದದ್ದನ್ನು ಹೇಳಿ ಒಪ್ಪಿಸುತ್ತಾನೆ. ಸಾಕ್ಷಿಗಳು, ವಸ್ತು, ಸಭೆ. ದೇವರಾದವನಿಗೂ ತನ್ನ ಮೇಲೆ ಬಂದ ಮಾತನ್ನು ಕಳಚಿಕೊಳ್ಳಲು ಇಷ್ಟೆಲ್ಲ ಬೇಕಾಯಿತು ಎಂಬುದನ್ನು ನೆನೆದರೆ, ನಮ್ಮ ಬಡಾವಣೆಯ ಕೋಶಾಧಿಕಾರಿ ಹಾಲಿನ ಸೊಸೈಟಿಗೆ ಹೋಗುವುದನ್ನು ಬಿಟ್ಟದ್ದು ನನಗೆ ಅರ್ಥವಾಗುತ್ತದೆ.

ಒಡಹುಟ್ಟಿದ ಪದಗಳು

‘ಆಪಾದಿಸು’ ಎಂಬುದು ‘ಆರೋಪಿಸು’ವಿನ ಅವಳಿ, ಕಾನೂನಿನ ಭಾಷೆಗೆ ತುಸು ಹತ್ತಿರ, ಅಷ್ಟೇ ವ್ಯತ್ಯಾಸ. ‘ದೂಷಿಸು’ವಿನಲ್ಲಿ ತಪ್ಪು ಯಾರದೆಂದು ಹೇಳುವವನು ಆಗಲೇ ತೀರ್ಮಾನಿಸಿದ್ದಾನೆ. ‘ಶಂಕಿಸು’ವಿನಲ್ಲಿ ಅವನು ಇನ್ನೂ ಬಾಯಿಬಿಟ್ಟು ಹೇಳಿಲ್ಲ. ‘ದೂರು’ ಎಂಬ ಚೆಂದದ ಕನ್ನಡ ಪದ ನಾಮಪದವೂ ಹೌದು, ಕ್ರಿಯಾಪದವೂ ಹೌದು: ಪೊಲೀಸರಿಗೆ ದೂರು ಕೊಡುತ್ತೇವೆ, ಹಣೆಬರಹವನ್ನು ದೂರುತ್ತೇವೆ. ಬೀದಿದೀಪ ಉರಿಯುತ್ತಿಲ್ಲ ಎಂದು ನಗರಸಭೆಗೆ ಹೇಳುವುದು ದೂರು. ದೀಪದ ಹಣವನ್ನು ಯಾರೋ ನುಂಗಿದ್ದಾರೆ ಎನ್ನುವುದು ಆರೋಪ. ತನ್ನ ಬಗ್ಗೆಯೇ ಸಾಬೀತಾಗದ ಮಾತು ಹೇಳಿದರೆ ಅದು ‘ಹೇಳಿಕೊಳ್ಳುವುದು’. “ಈ ಎಣ್ಣೆಯಿಂದ ಕೂದಲು ಬೆಳೆಯುತ್ತದೆ ಎಂದು ಕಂಪನಿ ಆರೋಪಿಸಿದೆ” ಎಂದು ಬರೆದರೆ ನಗೆಪಾಟಲಾಗುತ್ತದೆ. ತಪ್ಪಿನ ಸೋಂಕಿಲ್ಲದ ಹಳೆಯ ಅರ್ಥವೂ ಪೂರ್ತಿ ಸತ್ತಿಲ್ಲ. ‘ಪ್ರಾಣಿಗಳ ಮೇಲೆ ಮನುಷ್ಯರ ಗುಣಗಳನ್ನು ಆರೋಪಿಸುವುದು’ ಎಂದು ಈಗಲೂ ಬರೆಯುತ್ತೇವೆ.

ಠಾಣೆಯಿಂದ ತೀರ್ಪಿನವರೆಗೆ

ಪದದ ಭಾರ ಅತಿ ಹೆಚ್ಚು ಕಾಣುವುದು ಕಾನೂನಿನಲ್ಲಿ. 2024ರ ಜುಲೈ 1ರಿಂದ ದೇಶದಲ್ಲಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಎಂಬ ಮೂರು ಹೊಸ ಅಪರಾಧ ಕಾನೂನುಗಳು ಜಾರಿಯಲ್ಲಿವೆ. ಜುಲೈ 1 ಕನ್ನಡಿಗರಿಗೆ ಪತ್ರಿಕಾ ದಿನವೂ ಹೌದು; 1843ರಲ್ಲಿ ಅದೇ ದಿನ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಅಪರಾಧದ ಕಾನೂನು ಮತ್ತು ಅಪರಾಧದ ಸುದ್ದಿ, ಎರಡಕ್ಕೂ ಒಂದೇ ಹುಟ್ಟುಹಬ್ಬ.

ಒಬ್ಬರು ಠಾಣೆಗೆ ಹೋಗಿ ದೂರು ಕೊಡುತ್ತಾರೆ. ಅದು ಪೊಲೀಸರು ತಾವೇ ತನಿಖೆ ಮಾಡಬಹುದಾದ ಅಪರಾಧವಾಗಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಪ್ರಥಮ ವರ್ತಮಾನ ವರದಿ, ಅಂದರೆ ನಾವೆಲ್ಲ ಎಫ್‌ಐಆರ್ ಎನ್ನುವುದು, ದಾಖಲಾಗುತ್ತದೆ. ಇಲ್ಲಿ ನಡೆದದ್ದೇನು? ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಂಡರು. “ಎಫ್‌ಐಆರ್ ಆಗಿದೆ ಎಂದರೆ ಏನೋ ಇದ್ದೇ ಇರುತ್ತದೆ” ಎನ್ನುವವರು ಈ ಸರಳ ಸಂಗತಿಯನ್ನು ಮರೆಯುತ್ತಾರೆ. ತನಿಖೆ ಮುಗಿದ ಮೇಲೆ 193ನೆಯ ಕಲಮಿನಂತೆ ಪೊಲೀಸರು ವರದಿ ಸಲ್ಲಿಸುತ್ತಾರೆ. ಸಾಕ್ಷ್ಯವಿದೆ ಎಂದು ಕಂಡರೆ ಅದು ದೋಷಾರೋಪ ಪಟ್ಟಿ. ದೂರಿನಲ್ಲಿ ಹುರುಳಿಲ್ಲ ಎಂದು ಕಂಡರೆ ಕರ್ನಾಟಕದ ಠಾಣೆಗಳ ಮಾತಿನಲ್ಲಿ ‘ಬಿ ರಿಪೋರ್ಟ್’. ದೋಷಾರೋಪ ಪಟ್ಟಿಯೂ ಪೊಲೀಸರ ಅಭಿಪ್ರಾಯವೇ. ಅದರ ಹೆಸರಿನಲ್ಲೇ ‘ಆರೋಪ’ ಕುಳಿತಿದೆ. ಆಮೇಲೆ ನ್ಯಾಯಾಲಯ ಕಡತ ನೋಡಿ, ವಿಚಾರಣೆಗೆ ಆಧಾರವಿಲ್ಲ ಎನಿಸಿದರೆ ಅಲ್ಲಿಗೇ ಕೈಬಿಡುತ್ತದೆ, ಇದೆ ಎನಿಸಿದರೆ ಆರೋಪ ನಿಗದಿ ಮಾಡುತ್ತದೆ. ನ್ಯಾಯಾಧೀಶರೇ ಆರೋಪ ನಿಗದಿ ಮಾಡಿದರು ಎಂದಾಕ್ಷಣ ಶಿಕ್ಷೆಯೇ ಆಯಿತು ಎಂದು ಓದುಗರು ತಿಳಿಯುತ್ತಾರೆ. ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಎಂಬುದಷ್ಟೇ ಅಲ್ಲಿ ತೀರ್ಮಾನವಾಗುತ್ತದೆ. ಸಾಕ್ಷಿಗಳ ವಿಚಾರಣೆ, ಪಾಟೀಸವಾಲು, ವಾದ ಎಲ್ಲ ಮುಗಿದು ತೀರ್ಪು ಬಂದ ದಿನ ಆರೋಪಿ ಒಂದೋ ಅಪರಾಧಿಯಾಗುತ್ತಾನೆ, ಇಲ್ಲವೇ ಖುಲಾಸೆಯಾಗುತ್ತಾನೆ. ಅಲ್ಲಿಯವರೆಗೆ ಅವನಿಗೆ ಸಲ್ಲುವ ಪದ ಒಂದೇ.

ಆರೋಪವನ್ನು ಯಾರು ರುಜುವಾತುಪಡಿಸಬೇಕು? ಒಂದು ಸಂಗತಿ ಇದೆ ಎಂದು ಹೇಳಿ ಅದರ ಮೇಲೆ ತೀರ್ಪು ಬಯಸುವವರೇ ಅದನ್ನು ರುಜುವಾತುಪಡಿಸಬೇಕು ಎನ್ನುತ್ತದೆ ಸಾಕ್ಷ್ಯ ಅಧಿನಿಯಮದ 104ನೆಯ ಕಲಂ. ಸಂವಿಧಾನದ 20(3)ನೆಯ ಅನುಚ್ಛೇದದಂತೆ, ಅಪರಾಧದ ಆಪಾದನೆಗೆ ಒಳಗಾದವರನ್ನು ತಮ್ಮ ವಿರುದ್ಧ ತಾವೇ ಸಾಕ್ಷಿಯಾಗುವಂತೆ ಬಲವಂತಪಡಿಸುವಂತಿಲ್ಲ. ಹಾಗಾಗಿ ಕ್ರಿಮಿನಲ್ ಪ್ರಕರಣದಲ್ಲಿ ಮೌನವನ್ನು ಒಪ್ಪಿಗೆ ಎಂದು ಎಣಿಸುವುದಿಲ್ಲ. ಸಿವಿಲ್ ವ್ಯಾಜ್ಯದ ರೀತಿಯೇ ಬೇರೆ. ಜಾಗದ ಗಡಿಯ ಬಗ್ಗೆ ವಾದಿ ತನ್ನ ವಾದಪತ್ರದಲ್ಲಿ ಹೇಳಿದ ಸಂಗತಿಯನ್ನು ಪ್ರತಿವಾದಿ ನಿರ್ದಿಷ್ಟವಾಗಿ ಅಲ್ಲಗಳೆಯದಿದ್ದರೆ ಅದನ್ನು ಒಪ್ಪಿಕೊಂಡಂತೆ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೆಯ ಆದೇಶದ 5ನೆಯ ನಿಯಮ ಹೇಳುತ್ತದೆ. ವಕೀಲರು ಪ್ರತಿವಾದಪತ್ರದಲ್ಲಿ ಒಂದೊಂದು ಪ್ಯಾರಾ ಹಿಡಿದು “ಇದು ಸುಳ್ಳು, ಇದನ್ನು ನಿರಾಕರಿಸಲಾಗಿದೆ” ಎಂದು ಬೇಸರವಿಲ್ಲದೆ ಬರೆಯುವುದು ಈ ಕಾರಣಕ್ಕೆ.

ಮಾನನಷ್ಟದ ವಿಷಯದಲ್ಲಿ ಎಚ್ಚರ ಬೇಕು. ‘ಆರೋಪಿಸಿದ್ದಾರೆ’ ಎಂದು ಕೊನೆಗೆ ಸೇರಿಸಿದರೆ ಏನು ಬೇಕಾದರೂ ಬರೆಯಬಹುದು ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ನಿಜವಲ್ಲ. ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿ, ಒಬ್ಬರ ಹೆಸರು ಕೆಡಿಸುವ ಉದ್ದೇಶದಿಂದ, ಅಥವಾ ಕೆಡುತ್ತದೆ ಎಂದು ತಿಳಿದೂ, ಮಾತನ್ನು ಪ್ರಕಟಿಸುವುದು ಅಪರಾಧ. ಎರಡು ವರ್ಷದವರೆಗೆ ಸಾದಾ ಸೆರೆವಾಸ, ದಂಡ, ಅಥವಾ ಸಮುದಾಯ ಸೇವೆಯ ಶಿಕ್ಷೆ ವಿಧಿಸಬಹುದು. ಬೇರೆಯವರ ಮಾತನ್ನು ದಾಟಿಸುವುದೂ ಪ್ರಕಟಣೆಯೇ. ಅದೇ ಕಲಮಿಗೆ ವಿನಾಯಿತಿಗಳೂ ಇವೆ, ಅವುಗಳಲ್ಲಿ ಒಂದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ: ವಿಚಾರಿಸುವ ಅಧಿಕಾರ ಇರುವವರ ಮುಂದೆ ಸದ್ಭಾವನೆಯಿಂದ ಆರೋಪ ಸಲ್ಲಿಸುವುದು ಮಾನನಷ್ಟವಲ್ಲ. ಅನ್ಯಾಯ ಕಂಡವರು ಹೆದರಿ ಬಾಯಿ ಮುಚ್ಚಿಕೊಳ್ಳಬೇಕಾಗಿಲ್ಲ. ಠಾಣೆ, ತಹಶೀಲ್ದಾರರು, ಸಂಸ್ಥೆಯ ಆಡಳಿತ ಮಂಡಳಿ, ಹೀಗೆ ಅದಕ್ಕೆ ಸಲ್ಲುವ ಜಾಗ ಇದೆ. ಅದೇ ಮಾತನ್ನು ನೂರು ಜನರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಈ ರಕ್ಷಣೆ ಸಿಗುವುದು ಕಷ್ಟ. ಸುಳ್ಳೆಂದು ತಿಳಿದೂ ಇನ್ನೊಬ್ಬರಿಗೆ ಹಾನಿ ಮಾಡಲೆಂದೇ ಅಪರಾಧ ಹೊರಿಸಿದರೆ 248ನೆಯ ಕಲಮಿನಂತೆ ಹೊರಿಸಿದವರೇ ಶಿಕ್ಷೆಗೆ ಗುರಿಯಾಗುತ್ತಾರೆ.

ನಮ್ಮ ಕಡೆ ಇನ್ನೊಂದು ದಾರಿ ಉಂಟು. “ತಾಕತ್ತಿದ್ದರೆ ದೇವಸ್ಥಾನಕ್ಕೆ ಬಂದು ಪ್ರಮಾಣ ಮಾಡಲಿ” ಎಂದು ರಾಜಕಾರಣಿಗಳೂ ಸವಾಲು ಹಾಕುತ್ತಾರೆ. ಆಣೆ, ಪ್ರಮಾಣದ ಮೇಲೆ ತುಳುನಾಡಿನವರಿಗೆ ಇರುವ ಭಯಭಕ್ತಿಯನ್ನು ನಾನು ಹಗುರವಾಗಿ ನೋಡುವವನಲ್ಲ. ಆದರೆ ‘ಪ್ರಮಾಣ’ಕ್ಕೆ ಇನ್ನೊಂದು ಅರ್ಥವಿದೆ: ಸರಿಯಾದ ಅರಿವಿಗೆ ಸಾಧನ. ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಪ್ರಮಾಣಗಳನ್ನು ಒಪ್ಪಿದರು. ಆರೋಪಿಸಿದವರಿಂದ ಈ ಎರಡನೆಯ ಅರ್ಥದ ಪ್ರಮಾಣವನ್ನೇ ಮೊದಲು ಕೇಳಬೇಕು. ಕಂಡದ್ದೇನು, ಊಹಿಸಿದ್ದೇನು, ಯಾರ ಮಾತನ್ನು ನಂಬಿದ್ದು?

ವಾಕ್ಯದ ಬಾಲದಲ್ಲಿರುವ ಅನುಮಾನ

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. “ಗುತ್ತಿಗೆದಾರ ಕಳಪೆ ಸಿಮೆಂಟು ಹಾಕಿ ಲಕ್ಷಾಂತರ ರೂಪಾಯಿ ನುಂಗಿದ್ದಾನೆ ಎಂದು ಗ್ರಾಮಸ್ಥರು ಆರೋಪಿಸಿದ್ದಾರೆ.” ಓದುಗ ಇಡೀ ಅಪರಾಧವನ್ನು ಕಣ್ಣಾರೆ ಕಂಡು ಮುಗಿಸಿದ ಮೇಲೆ ‘ಎಂದು ಆರೋಪಿಸಿದ್ದಾರೆ’ ಬರುತ್ತದೆ. ಮೊಬೈಲಿನ ಸಣ್ಣ ಪರದೆಯಲ್ಲಿ ಮೊದಲ ಸಾಲು ಮಾತ್ರ ಕಾಣುವಾಗ ಆ ಬಾಲವೇ ಕತ್ತರಿಸಿ ಹೋಗುತ್ತದೆ. ಇದಕ್ಕೆ ಮದ್ದು ನಮ್ಮ ಭಾಷೆಯಲ್ಲೇ ಇದೆ: ಹೇಳಿದವರನ್ನು ಮುಂದಕ್ಕೆ ತನ್ನಿ. “ಗ್ರಾಮಸ್ಥರ ಆರೋಪ ಇಷ್ಟು: ಕಾಮಗಾರಿಗೆ ಕಳಪೆ ಸಿಮೆಂಟು ಬಳಸಲಾಗಿದೆ.” ಮೊದಲ ಎರಡು ಪದಗಳಲ್ಲೇ ಓದುಗನಿಗೆ ತಾನು ಏನನ್ನು ಓದುತ್ತಿದ್ದೇನೆ ಎಂದು ತಿಳಿಯುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಕೃದಂತದ ಕೆಲಸ. “ಚಿನ್ನ ಕದ್ದ ಆರೋಪಿಯ ಬಂಧನ” ಎಂಬ ತಲೆಬರಹವನ್ನು ನೋಡಿ. ‘ಆರೋಪಿ’ ಎಂದು ಬರೆದಿದ್ದಾರೆ, ಎಚ್ಚರ ವಹಿಸಿದ್ದಾರೆ ಎಂದು ಕಾಣುತ್ತದೆ. ಆದರೆ ‘ಕದ್ದ’ ಎಂಬುದು ಅವನಿಗೇ ಅಂಟಿಕೊಂಡು, ಕದ್ದದ್ದು ನಿಜ ಎಂದು ಸಾರುತ್ತಿದೆ. “ಚಿನ್ನ ಕದ್ದ ಆರೋಪದಲ್ಲಿ ಬಂಧನ” ಅಥವಾ “ಚಿನ್ನ ಕಳವು: ಆರೋಪಿಯ ಬಂಧನ” ಎಂದರೆ ಆ ದೋಷವಿಲ್ಲ. ನಾನು ನಡಾವಳಿಯಲ್ಲಿ ಬರೆದ ‘ದುರುಪಯೋಗವಾಗಿರುವ ಬಗ್ಗೆ’ ಕೂಡ ಇದೇ ಜಾತಿಯದು. ‘ದುರುಪಯೋಗವಾಗಿದೆ ಎಂಬ ಬಗ್ಗೆ’ ಎಂದಿದ್ದರೂ ಅರ್ಧ ಹಾನಿ ತಪ್ಪುತ್ತಿತ್ತು. ‘ಎಂದು’, ‘ಎಂಬ’ ಇವು ಬರಿಯ ಕೊಂಡಿಗಳಲ್ಲ. ಈ ಮಾತು ನನ್ನದಲ್ಲ, ಇನ್ನೊಬ್ಬರದು ಎಂದು ತೋರಿಸುವ ಬೇಲಿ ಅವು.

ಬೇಲಿಯನ್ನು ಸರಿಯಾದ ಜಾಗದಲ್ಲಿ ಹಾಕುವುದೂ ಅಷ್ಟೇ ಮುಖ್ಯ. ಮನೆಯ ಬೀಗ ಒಡೆದಿದೆ, ಕಪಾಟು ಖಾಲಿಯಾಗಿದೆ. ಕಳವು ನಡೆದಿರುವುದು ಸ್ಪಷ್ಟ, ಮಾಡಿದವರು ಯಾರು ಎಂಬುದಷ್ಟೇ ಆರೋಪ. ಅಲ್ಲಿ “ಕಳವು ನಡೆದಿದೆ ಎಂದು ಆರೋಪಿಸಿದ್ದಾರೆ” ಎಂದರೆ ಕಳೆದುಕೊಂಡವರನ್ನೇ ಅನುಮಾನಿಸಿದಂತಾಗುತ್ತದೆ. ನಡೆದದ್ದನ್ನು ನಡೆದದ್ದೆಂದೇ ಬರೆದು, ಸಂಶಯವಿರುವ ಭಾಗಕ್ಕೆ ಮಾತ್ರ ‘ಆರೋಪ’ ಸೇರಿಸಬೇಕು.

‘ಎನ್ನಲಾಗಿದೆ’ ಎಂಬ ರೂಪದ ಬಗ್ಗೆ ನನಗೆ ದೊಡ್ಡ ತಕರಾರಿದೆ. “ಹಣ ಪಡೆದಿದ್ದಾರೆ ಎನ್ನಲಾಗಿದೆ.” ಅಂದವರು ಯಾರು? ಆರೋಪಿಸುವವರಿಲ್ಲದ ಆರೋಪ ಇದು. ಹೊರೆ ತಲೆಯ ಮೇಲಿದೆ, ಹೊರಿಸಿದ ಕೈ ಮಾಯವಾಗಿದೆ. ದೂರುದಾರರ ಹೆಸರನ್ನು ಕಾನೂನೇ ಗುಟ್ಟಾಗಿಡುವ ಸಂದರ್ಭಗಳಿವೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತನ್ನು ಬಯಲು ಮಾಡುವಂತಿಲ್ಲ. ಆಗಲೂ ‘ದೂರಿನಲ್ಲಿ ತಿಳಿಸಲಾಗಿದೆ’ ಎಂದು ಮೂಲವನ್ನು ಹೇಳಬಹುದು. ಮೂಲವೇ ಇಲ್ಲದಿದ್ದರೆ ಆ ವಾಕ್ಯವನ್ನು ಬರೆಯಬಾರದು.

ಆಡುಮಾತಿನಲ್ಲಿ ‘ಎನ್ನಲಾಗಿದೆ’ಯ ಕೆಲಸವನ್ನು ‘ಅಂತೆ’ ಮಾಡುತ್ತದೆ: ತಿಂದನಂತೆ, ಓಡಿದನಂತೆ. ತುಳುವಿನಲ್ಲಿ ಅದಕ್ಕೆ ‘ಗೆ’ ಎಂಬ ಒಂದೇ ಅಕ್ಷರ ಸಾಕು; ‘ಬತ್ತೆ’ ಎಂದರೆ ಬಂದ, ‘ಬತ್ತೆಗೆ’ ಎಂದರೆ ಬಂದನಂತೆ. ನಾನು ನೋಡಿಲ್ಲ, ಕೇಳಿದ್ದು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಎಷ್ಟು ಸೊಗಸಾದ ಏರ್ಪಾಡು! ‘ಅಂತೆ’ಯನ್ನು ನಾನು ದೂರುವುದಿಲ್ಲ. ಒಬ್ಬರ ‘ಅಂತೆ’ಯನ್ನು ಕೇಳಿದವರು ಮುಂದಿನವರಿಗೆ ಹೇಳುವಾಗ ಅದನ್ನು ಉದುರಿಸಿ ಹೇಳುತ್ತಾರಲ್ಲ, ಕೆಡುಕು ಅಲ್ಲಿದೆ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಕನ್ನಡದಲ್ಲಿ ಒಂದು ಬಾಗಿಲು ತೆರೆದೇ ಇರುತ್ತದೆ: ಏಕವಚನ, ಬಹುವಚನ. “ದೂರುದಾರರು ತಿಳಿಸಿದ್ದಾರೆ” ಎಂದು ಬರೆದ ಕೈ ಮುಂದಿನ ಸಾಲಿನಲ್ಲಿ “ಆರೋಪಿಯು ತಲೆಮರೆಸಿಕೊಂಡಿದ್ದಾನೆ” ಎಂದು ಬರೆಯುತ್ತದೆ. ನಿನ್ನೆಯವರೆಗೆ ‘ಮೇಷ್ಟ್ರು’, ‘ಮೇನೇಜರರು’ ಆಗಿದ್ದವರು ದೂರು ದಾಖಲಾದ ಗಂಟೆಯಿಂದ ‘ಅವನು’ ಆಗುತ್ತಾರೆ. ತೀರ್ಪು ಬರುವ ಮೊದಲೇ ಕ್ರಿಯಾಪದದ ಪ್ರತ್ಯಯದಲ್ಲಿ ಶಿಕ್ಷೆಯಾಗಿರುತ್ತದೆ. ಎಲ್ಲರಿಗೂ ಹೀಗಾದರೆ ಒಂದು ಮಾತು. ಆದರೆ ಕೋಟಿಗಟ್ಟಲೆ ಹಗರಣದ ಆರೋಪ ಹೊತ್ತ ಮಾಜಿ ಸಚಿವರು ಕೊನೆಯವರೆಗೂ ‘ಅವರು’; ಬಂದರಿನ ದಕ್ಕೆಯಲ್ಲಿ ಮೊಬೈಲು ಕದ್ದ ಆರೋಪ ಹೊತ್ತ ಕೂಲಿಯಾಳು ಮೊದಲ ಸಾಲಿನಿಂದಲೇ ‘ಅವನು’. ಈ ಲೇಖನದಲ್ಲಿ ನಾನೇ ಮೇಲೆ “ಆರೋಪಿ ಅಪರಾಧಿಯಾಗುತ್ತಾನೆ” ಎಂದು ಬರೆದಿದ್ದೇನೆ. ಬರೆದ ಮೇಲೆ ಗಮನಕ್ಕೆ ಬಂತು. ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ, ಈ ರೂಢಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಓದುಗರಿಗೂ ಕಾಣಲಿ ಎಂದು. ತೀರ್ಪು ಬರುವವರೆಗೆ ಎಲ್ಲ ಆರೋಪಿಗಳಿಗೂ ಬಹುವಚನ ಬಳಸುವುದು ಕಷ್ಟವೇನಲ್ಲ. ‘ಬಂಧಿಸಲಾಗಿದೆ’, ‘ಪತ್ತೆಯಾಗಿಲ್ಲ’ ಎಂದು ಲಿಂಗವಚನ ಸುಳಿಯದಂತೆ ಬರೆಯಲೂ ಬರುತ್ತದೆ.

ಜಾತ್ರೆಯಲ್ಲಿ ಏರಿದ ಕೊಡಿ ಕೊನೆಯ ದಿನ ಇಳಿಯುತ್ತದೆ, ಅದಕ್ಕೂ ಮುಹೂರ್ತ, ವಾದ್ಯ, ಜನ ಎಲ್ಲ ಇರುತ್ತಾರೆ. ಆರೋಪ ಇಳಿಯುವಾಗ ಹಾಗಿಲ್ಲ. ಬಂಧನದ ಸುದ್ದಿ ಮುಖಪುಟದಲ್ಲಿ ಬಂದವರ ಖುಲಾಸೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಾಗುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಏರಿಸಿದ ಜಾಗದಲ್ಲೇ, ಏರಿಸಿದಷ್ಟೇ ದೊಡ್ಡ ಅಕ್ಷರದಲ್ಲಿ ಇಳಿಸಬೇಕು ಎಂಬುದು ನನ್ನ ಪಟ್ಟು.

ನಮ್ಮ ಸಮಿತಿಯ ರಶೀದಿ ಪುಸ್ತಕಗಳು ಸಿಕ್ಕಿದವು. ಹಬ್ಬದ ಮರುವಾರ ಕೆಲಸ ಸಿಕ್ಕಿ ಮುಂಬೈಗೆ ಹೋದ ಹುಡುಗನೊಬ್ಬನ ಮನೆಯ ಕಪಾಟಿನಲ್ಲಿದ್ದವು. ಒಂದರಲ್ಲಿ ಒಂದು ಹಾಳೆಯೂ ಹರಿದಿರಲಿಲ್ಲ. ಇನ್ನೊಂದರಲ್ಲಿ ಹನ್ನೊಂದು ರಶೀದಿಗಳು ಖರ್ಚಾಗಿದ್ದವು. ಆ ಹಣ ಹಬ್ಬದ ಮೊದಲೇ ಬ್ಯಾಂಕಿಗೆ ಜಮೆಯಾಗಿ ಲೆಕ್ಕದಲ್ಲಿ ಸೇರಿತ್ತು. ಹಳೆಯ ಸಾಲನ್ನು ಹೊಡೆದುಹಾಕುತ್ತೇನೆ ಎಂದು ನಾನು ಕೋಶಾಧಿಕಾರಿಯ ಮನೆಗೆ ಹೋಗಿ ಹೇಳಿದೆ. “ಬೇಡ ಮಾರಾಯರೇ, ಹೊಡೆದುಹಾಕಿದರೆ ಏನೋ ಮುಚ್ಚಿಟ್ಟರು ಎಂದು ಇನ್ನೊಂದು ಮಾತು ಹುಟ್ಟುತ್ತದೆ. ಅದರ ಕೆಳಗೆ ಸರಿಯಾದದ್ದನ್ನು ಬರೆಯಿರಿ” ಎಂದರು ಅವರು. ಮುಂದಿನ ಸಭೆಯಲ್ಲಿ ಎಲ್ಲರೆದುರು ಓದಿ, ಆ ಪುಟದಲ್ಲೇ ಬರೆದು, ಅದರ ಫೋಟೊವನ್ನು ನಾನೇ ಗುಂಪಿಗೆ ಹಾಕಿದೆ: “ಕಳೆದ ಸಭೆಯಲ್ಲಿ ಸದಸ್ಯರೊಬ್ಬರು ಎರಡು ರಶೀದಿ ಪುಸ್ತಕಗಳು ಎಲ್ಲಿವೆ ಎಂದು ವಿಚಾರಿಸಿದ್ದರು. ಹಣ ದುರುಪಯೋಗವಾಗಿದೆ ಎಂದು ಯಾರೂ ಆರೋಪಿಸಿರಲಿಲ್ಲ. ಹಾಗೆ ಬರೆದದ್ದು ಕಾರ್ಯದರ್ಶಿಯ ತಪ್ಪು. ಪುಸ್ತಕಗಳು ದೊರೆತಿವೆ, ಲೆಕ್ಕ ಸರಿಯಿದೆ.”